ಗುತ್ತಿಗೆ ಹಿಡಿದ ಹೆಸರು

ಕಳೆದ ಮಳೆಗಾಲದಲ್ಲಿ ನನ್ನ ಅಕ್ಕನ ಮಗ ನಲವತ್ತು ಪುಟದ ಕರಾರುಪತ್ರವೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಹೊಸಪೇಟೆಯ ನಮ್ಮ ಮನೆಗೆ ಬಂದ. ಕಾಲೇಜು ರಸ್ತೆಯಲ್ಲಿ ಒಂದು ಮಳಿಗೆ ನೋಡಿದ್ದಾನೆ. ಬೆಂಗಳೂರಿನ ದೋಸೆ ಹೋಟೆಲಿನ ಕಂಪನಿಯೊಂದು ತನ್ನ ಬೋರ್ಡು ಹಾಕಿಕೊಂಡು ನಡೆಸಲು ಅವನಿಗೆ ಒಪ್ಪಿಗೆ ಕೊಡುತ್ತದಂತೆ. ಕರಾರೆಲ್ಲ ಇಂಗ್ಲಿಷಿನಲ್ಲಿ. "ಮಾವ, ಇದ್ರಾಗ ಏನೈತಂತ ಒಂದೀಟು ಬಿಡಿಸಿ ಹೇಳ್ರಿ. ಅವ್ರು ಫ್ರಾಂಚೈಸಿ ಅಂತಾರ. ಅಪ್ಪ ಕೇಳಿದ್ರ ಏನನ್ಲಿ?" "ಗುತ್ತಿಗಿ ಅನ್ನು," ಎಂದೆ. ಅವನು ಕೂತಲ್ಲಿಂದಲೇ ಕಂಪ್ಲಿಗೆ ಫೋನು ಹಚ್ಚಿದ. ಆ ಕಡೆಯಿಂದ ಭಾವನ ದನಿ ಸ್ಪೀಕರು ಹಾಕದೆಯೂ ನನ್ನವರೆಗೆ ಬಂತು: "ಗುತ್ತಿಗಿನೋ, ಕೋರೋ? ಮೊದ್ಲು ಅದನ್ನ ಕೇಳು."

ನಾವು ಪದಗಳ ಹಿಂದೆ ಬಿದ್ದವರು ಇಂಥ ಪ್ರಶ್ನೆ ಕೇಳಿದಾಗ ಕರಾರುಪತ್ರವನ್ನು ಪಕ್ಕಕ್ಕಿಟ್ಟು ನಿಘಂಟು ಎತ್ತಿಕೊಳ್ಳುತ್ತೇವೆ, ಅದೇ ನಮ್ಮ ರೋಗ. ಭಾವ ತುಂಗಭದ್ರೆಯ ಕಾಲುವೆ ಕೆಳಗೆ ನೆಲ್ಲು ಬೆಳೆದವರು, ಒಮ್ಮೊಮ್ಮೆ ಬಾಳೆ. ಅವರ ಬಾಯಲ್ಲಿ ಗುತ್ತಿಗೆ ಎಂದರೆ ಬಿತ್ತುವ ಮುಂಚೆಯೇ ಇಷ್ಟು ಚೀಲ, ಇಲ್ಲವೇ ಇಷ್ಟು ರೂಪಾಯಿ ಎಂದು ಮಾತಾಡಿಕೊಂಡದ್ದು. ಮಳೆ ಹೊಯ್ಯಲಿ, ಕಾಲುವೆಗೆ ನೀರು ಬಿಡದೆ ಹೋಗಲಿ, ಆ ಮಾತು ಅಲುಗುವುದಿಲ್ಲ. ಕೋರು ಎಂದರೆ ಕಣದಲ್ಲಿ ರಾಶಿಯಾದ ಮೇಲೆ ಅಳೆದು ಹಂಚಿಕೊಳ್ಳುವ ಪಾಲು. ಇದೇ ಎರಡರ ನಡುವೆ ನಮ್ಮ ಸೀಮೆಯಲ್ಲಿ ಲಾವಣಿ, ಗೇಣಿ, ವಾರ, ಪಾಲು, ಲೀಜು ಎಂದು ಬಳ್ಳಿಯಂತೆ ಪದಗಳು ಹಬ್ಬಿವೆ, ಊರಿನಿಂದೂರಿಗೆ ಅರ್ಥ ಅರ್ಧ ಗೇಣು ಸರಿಯುತ್ತದೆ. ಅವುಗಳಲ್ಲಿ ಎಲ್ಲಕ್ಕಿಂತ ದೂರ ನಡೆದದ್ದು, ಎಲ್ಲಕ್ಕಿಂತ ಹೆಚ್ಚು ವೇಷ ಹಾಕಿದ್ದು ಗುತ್ತಿಗೆ.

ಅದರ ಹಳೆಯ ರೂಪ ಗುತ್ತಗೆ, ಅದಕ್ಕೂ ಮೊಟಕಾದದ್ದು ಗುತ್ತ. ಶಾಸನಗಳಲ್ಲಿ ಕಟ್ಟುಗುತ್ತಗೆ ಎಂಬ ಸಮಾಸವೂ ಉಂಟು, ಅಂದರೆ ಒಮ್ಮೆ ಕಟ್ಟಿಬಿಟ್ಟರೆ ಏರದ, ಇಳಿಯದ ಗುತ್ತಗೆ. ನಡುವಿನ ಅಕಾರ ಇಕಾರಕ್ಕೆ ಜಾರಿ ಗುತ್ತಿಗೆಯಾಯಿತು, ನಮ್ಮ ಕಡೆ ಕೊನೆಯ ಎಕಾರವೂ ಇಕಾರವಾಗಿ ಗುತ್ತಿಗಿಯಾಯಿತು. ಅಕ್ಕತಂಗಿಯರ ಮನೆಗೆ ಹೋದರೆ ತಮಿಳಿನಲ್ಲಿ ಕುತ್ತಗೈ, ಅರ್ಥ ಭೂಮಿ ಗೇಣಿಗೆ ಕೊಡುವುದು, ಅಲ್ಲಿ ಅದು ಶಾಂತವಾಗಿ ಹೊಲದಲ್ಲೇ ಉಳಿದಿದೆ. ಮಲಯಾಳದ ಕುತ್ತಕ ಮಾತ್ರ ಹೊಲ ಬಿಟ್ಟು ಪೇಟೆಗೆ ಬಂದು ಏಕಸ್ವಾಮ್ಯವಾಗಿಬಿಟ್ಟಿದೆ; ದೊಡ್ಡ ಬಂಡವಾಳಿಗರನ್ನು ಬೈಯಲು ಅಲ್ಲಿನ ಪತ್ರಿಕೆಗಳಿಗೆ ಆ ಪದ ದಿನಬಳಕೆಯದು. ತೆಲುಗಿನಲ್ಲಿ ಗುತ್ತ, ಗುತ್ತೇದಾರು, ಮತ್ತೆ ಅದೇ ಏಕಸ್ವಾಮ್ಯದ ಅರ್ಥಕ್ಕೆ ಸಂಸ್ಕೃತದ ಬಾಲ ಹಚ್ಚಿದ ಗುತ್ತಾಧಿಪತ್ಯ. ಆದರೆ ತೆಲುಗರ ಒಂದು ಮಾತು ನನಗೆ ಬಹಳ ಇಷ್ಟ: ಗಂಪಗುತ್ತ. ಗಂಪ ಎಂದರೆ ಬುಟ್ಟಿ. ಒಂದೊಂದೇ ಬದನೆಕಾಯಿ ಎಣಿಸದೆ, ಹುಳುಕು ಎಷ್ಟು ಎಳೆಯದೆಷ್ಟು ನೋಡದೆ, ಇಡೀ ಬುಟ್ಟಿಗೆ ಒಂದು ಬೆಲೆ ಕಟ್ಟಿ ಎತ್ತಿಕೊಂಡು ಹೋಗುವುದು. ಗುತ್ತಿಗೆಯ ಒಳತಿರುಳು ಇದೇ ಇರಬೇಕೆಂದು ನನಗನ್ನಿಸುತ್ತದೆ: ಒಟ್ಟು, ರಾಶಿ, ಇಡಿ. ನಾಟಿ ಹಚ್ಚುವ ಹೆಣ್ಣುಮಕ್ಕಳು ದಿನಗೂಲಿ ಬೇಡವೆಂದು ಎಕರೆಗಿಷ್ಟು ಎಂದು "ಗುತ್ತಿಗಿ ಮಾತಾಡೀವಿ" ಅನ್ನುವಾಗ ಈ ಹಳೆಯ ತಿರುಳು ಇಂದಿಗೂ ಹಸಿಯಾಗಿದೆ. ಅಲ್ಲಿ ಗೇಣಿಯೂ ಇಲ್ಲ, ಭೂಮಿಯ ಮೇಲಿನ ಹಕ್ಕೂ ಇಲ್ಲ, ಕೆಲಸದ ರಾಶಿಗೆ ಕಟ್ಟಿದ ಒಂದು ಬೆಲೆ ಮಾತ್ರ ಇದೆ.

ಇಲ್ಲಿ ದಾರಿ ತಪ್ಪಿಸುವ ಕೆಲವು ನೆಂಟರಿದ್ದಾರೆ. ಹಾವೇರಿ ಸೀಮೆಯ ಗುತ್ತಲದಿಂದ ಆಳಿದ ಗುತ್ತರು ತಾವು ಗುಪ್ತರ ಪೀಳಿಗೆಯೆಂದು ಹೇಳಿಕೊಂಡವರು, ಅವರ ಗುತ್ತ ಗುಪ್ತದ ತದ್ಭವ. ಗುಂತಕಲ್ಲಿನಾಚೆಯ ಗುತ್ತಿಯ ಕೋಟೆಗೂ ನಮ್ಮ ಗುತ್ತಿಗೆಗೂ ಸಂಬಂಧ ಕಟ್ಟುವವರನ್ನು ನಾನು ಕಂಡಿದ್ದೇನೆ, ಕೇಳಿ ಸುಮ್ಮನಿದ್ದೇನೆ. ಇನ್ನು ಕುತ್ತಿಗೆ ಮತ್ತು ಗುತ್ತಿಗೆ. ಒಂದಕ್ಷರದ ಅಂತರ, ಬುಡ ಬೇರೆ, ಆದರೂ ಗುತ್ತಿಗೆ ಕುತ್ತಿಗೆಗೆ ಬಂದ ಕತೆಗಳು ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ಬೇಕಾದಷ್ಟಿವೆ, ಒಂದನ್ನು ಮುಂದೆ ಹೇಳುತ್ತೇನೆ.

ವಿಜಯನಗರದ ಶಾಸನಗಳಲ್ಲಿ ಗುತ್ತಗೆ ಹೊಲಕ್ಕಷ್ಟೇ ಅಂಟಿಕೊಂಡಿಲ್ಲ. ಸಿದ್ಧಾಯ, ಸುಂಕ, ಉಂಬಳಿ, ಸರ್ವಮಾನ್ಯ ಇವೆಲ್ಲದರ ನಡುವೆ ಅದು ಓಡಾಡುತ್ತದೆ. ಕೃಷ್ಣದೇವರಾಯ ಕಟ್ಟಿಸಿದ ನಾಗಲಾಪುರವೇ ಇಂದಿನ ಹೊಸಪೇಟೆ. ಕುದುರೆ ವ್ಯಾಪಾರಿ ನೂನಿಜ್ 1530ರ ದಶಕದಲ್ಲಿ ಬರೆದಿಟ್ಟದ್ದನ್ನು ರಾಬರ್ಟ್ ಸೀವೆಲ್ 1900ರಲ್ಲಿ ಇಂಗ್ಲಿಷಿಗೆ ತಂದು ಪ್ರಕಟಿಸಿದ. ಅದರಲ್ಲಿ ಒಂದು ಹೆಬ್ಬಾಗಿಲಿನ ವಿಷಯ ಬರುತ್ತದೆ. ಹಳೆಯ ನಗರ, ನಾಗಲಾಪುರವೆಂಬ ಈ ಹೊಸ ನಗರ ಎರಡಕ್ಕೂ ಬರುವ ಸರಕೆಲ್ಲ ಅದೊಂದೇ ಬಾಗಿಲಲ್ಲಿ ನುಸುಳಬೇಕು, ಬೇರೆ ದಾರಿಗಳೆಲ್ಲ ಅಲ್ಲಿಗೇ ಬಂದು ಕೂಡುತ್ತವೆ. ಆ ಬಾಗಿಲನ್ನು ಅರಸ ವರ್ಷಕ್ಕೆ 12,000 ಪರ್ದಾವಿಗೆ ಗುತ್ತಿಗೆ ಕೊಟ್ಟಿದ್ದ. ಪರ್ದಾವ್ ಎಂದರೆ ಚಿನ್ನದ ನಾಣ್ಯ, ನಮ್ಮ ವರಹದ ಪರದೇಶಿ ಹೆಸರು. ದಿನಕ್ಕೆ 2,000 ಹೇರೆತ್ತು ಒಳಗೆ ಬರುತ್ತಿದ್ದವಂತೆ, ಒಂದೊಂದಕ್ಕೆ ವಿಂತೇಂ ಎಂಬ ಸಣ್ಣ ನಾಣ್ಯ ಮೂರು ಸುಂಕ, ಗುತ್ತಿಗೆ ಹಿಡಿದವರು ಕೇಳಿದಷ್ಟು ಕೊಡದೆ ನಾಡವನೂ ಒಳಗಿಲ್ಲ, ಪರನಾಡವನೂ ಒಳಗಿಲ್ಲ. ನೂನಿಜ್ ಸಂಖ್ಯೆಗಳ ವಿಷಯದಲ್ಲಿ ಧಾರಾಳಿ ಎಂಬುದನ್ನು ಒಪ್ಪಿಕೊಂಡು ಲೆಕ್ಕ ಹಾಕಿದರೂ ವರ್ಷದ ವಸೂಲಿ ಗುತ್ತಿಗೆಯ ಹಲವು ಪಟ್ಟು ಆಗುತ್ತದೆ. ಅರಸನಿಗೆ ಎತ್ತು ಎಣಿಸುವ ತಾಪತ್ರಯವಿಲ್ಲ, ಬಾಗಿಲಲ್ಲಿ ಆಳು ನಿಲ್ಲಿಸುವ ಖರ್ಚಿಲ್ಲ, ಮಳೆಗಾಲದಲ್ಲಿ ಹೇರು ಕಡಿಮೆಯಾಯಿತೆಂಬ ಗೋಳಿಲ್ಲ, ಅವನದು ಗಂಪಗುತ್ತ.

ಅದೇ ವಾಕ್ಯದ ಬಾಲದಲ್ಲಿ ನೂನಿಜ್ ಒಂದು ವಿಚಿತ್ರ ಸೇರಿಸಿದ್ದಾನೆ. ಕೋಡಿಲ್ಲದ ಬೋಳೆತ್ತುಗಳಿಗೆ ರಾಜ್ಯದಲ್ಲೆಲ್ಲೂ ಸುಂಕವಿಲ್ಲ. ಯಾಕೆಂದು ಅವನು ಹೇಳುವುದಿಲ್ಲ. ನಾವು ಇಲ್ಲಿ ಒಂದು ಗಳಿಗೆ ನಿಂತು ಫ್ರಾಂಚೈಸಿನ ಕಡೆ ತಿರುಗಿದರೆ ನಗು ಬರುತ್ತದೆ. ಹಳೆಯ ಫ್ರೆಂಚಿನಲ್ಲಿ ಫ್ರಾಂಕ್ ಎಂದರೆ ಸ್ವತಂತ್ರ, ಯಾರಿಗೂ ಆಳಾಗಿಲ್ಲದವ. ಗಾಲ್ ದೇಶವನ್ನು ಗೆದ್ದ ಫ್ರಾಂಕರ ಹೆಸರಿನಿಂದ ಬಂದ ಮಾತು. ಅದರಿಂದ ಫ್ರಾಂಚೈಸು ಅಂದರೆ ಬಿಡುಗಡೆ, ಸುಂಕ ವಿನಾಯಿತಿ, ಅರಸನು ಊರಿಗೋ ಮಠಕ್ಕೋ ಕೊಟ್ಟ ಮಾನ್ಯ. ಇಂಗ್ಲಿಷಿನಲ್ಲಿ ಮತ ಹಾಕುವ ಹಕ್ಕೂ ಅದೇ ಪದ. ಹಾಗೆ ನೋಡಿದರೆ ಹೊಸಪೇಟೆಯ ಹೆಬ್ಬಾಗಿಲಲ್ಲಿ ಮೂಲಾರ್ಥದ ಫ್ರಾಂಚೈಸು ಇದ್ದದ್ದು ಬೋಳೆತ್ತಿಗೆ ಮಾತ್ರ. ತೆರಿಗೆಯಿಲ್ಲದೆ ಬಿಟ್ಟುಕೊಡುವ ಸರ್ವಮಾನ್ಯಕ್ಕೆ ಹತ್ತಿರವಾಗಿದ್ದ ಪದ ತಲೆಕೆಳಗಾಗಿ ಕಟ್ಟುಗುತ್ತಗೆಯ ಪಕ್ಕಕ್ಕೆ ಬಂದು ಕೂತಿದೆ. ಕನ್ನಡಕ್ಕೆ ಬಂದ ಮೇಲೆ ಅದು ಇನ್ನೊಂದು ಹೆಜ್ಜೆ ಇಟ್ಟಿತು: ಇಂಗ್ಲಿಷಿನಲ್ಲಿ ಫ್ರಾಂಚೈಸಿ ಎಂದರೆ ಪಡೆದ ಮನುಷ್ಯ, ನಮ್ಮಲ್ಲಿ "ಫ್ರಾಂಚೈಸಿ ತಗೊಂಡೀನಿ" ಎಂದರೆ ಹಕ್ಕು, "ಫ್ರಾಂಚೈಸಿ ತೆಗೆದ್ರು" ಎಂದರೆ ಅಂಗಡಿ, 2008ರಲ್ಲಿ ಐಪಿಎಲ್ ಶುರುವಾದ ಮೇಲೆ ಆರ್‌ಸಿಬಿಯಂಥ ತಂಡವೂ ಫ್ರಾಂಚೈಸಿಯೇ.

ಮತ್ತೆ ಕರಾರುಪತ್ರಕ್ಕೆ. ಅಕ್ಕನ ಮಗನ ನಲವತ್ತು ಪುಟದಲ್ಲಿ ಹಣ ಐದು ಬಾಗಿಲಲ್ಲಿ ಕಂಪನಿಯ ಒಳಗೆ ಹೋಗುತ್ತದೆ. ಮೊದಲನೆಯದು ಪ್ರವೇಶದ ದುಡ್ಡು, ಒಂದೇ ಸಲ, ಹಿಂದಿರುಗದು, ಇದು ಗುತ್ತಿಗೆ. ಎರಡನೆಯದು ರಾಯಲ್ಟಿ, ತಿಂಗಳ ವ್ಯಾಪಾರದಲ್ಲಿ ನೂರಕ್ಕೆ ಇಷ್ಟು, ಇದು ಕೋರು. ಭಾವ ಕೇಳಿದ ಪ್ರಶ್ನೆಗೆ ಉತ್ತರ ಎರಡೂ ಹೌದು. ಆದರೆ ಕೋರಿನಲ್ಲಿ ಒಂದು ಸೂಕ್ಷ್ಮವಿದೆ, ಅದು ಕಣದ ಮನುಷ್ಯನಿಗೆ ಬೇಗ ಹೊಳೆಯುತ್ತದೆ: ಪಾಲು ಅಳೆಯುವುದು ರಾಶಿಯ ಮೇಲೆ, ಉಳಿದದ್ದರ ಮೇಲಲ್ಲ. ಗೊಬ್ಬರದ ಬೆಲೆ ಏರಿದರೆ, ಆಳಿನ ಕೂಲಿ ಏರಿದರೆ ಅದು ಮಾಡುವವನ ಪಾಲಿಗೇ ಹತ್ತುತ್ತದೆ. ರಾಯಲ್ಟಿಯೂ ಹಾಗೆಯೇ, ಗಲ್ಲಾಪೆಟ್ಟಿಗೆಗೆ ಬಿದ್ದ ಒಟ್ಟು ದುಡ್ಡಿನ ಮೇಲೆ. ತಿಂಗಳಿಗೆ 6 ಲಕ್ಷ ವ್ಯಾಪಾರವೆಂದು, ರಾಯಲ್ಟಿ ನೂರಕ್ಕೆ 6 ಎಂದು ಇಟ್ಟುಕೊಳ್ಳಿ, 36,000 ರೂಪಾಯಿ ಬೆಂಗಳೂರಿಗೆ ಹೋಯಿತು. ಅದರ ಮೇಲೆ ಶೇಕಡ 18 ಜಿಎಸ್‌ಟಿ, 6,480. ಸಾಮಾನ್ಯ ಹೋಟೆಲು ಗಿರಾಕಿಯಿಂದ ಶೇಕಡ 5 ತೆರಿಗೆ ಹಿಡಿಯುತ್ತದೆಯಾದರೂ, ತಾನು ಕೊಟ್ಟ ತೆರಿಗೆಯನ್ನು ಅದರಲ್ಲಿ ವಜಾ ಮಾಡಿಕೊಳ್ಳುವಂತಿಲ್ಲ. ಹಾಗಾಗಿ ಆ 6,480 ಅವನ ಕಿಸೆಯಿಂದಲೇ ಹೋದದ್ದು. ಎಲೆ ಎತ್ತುವ ಹುಡುಗನ ಸಂಬಳ, ಗ್ಯಾಸು, ಕರೆಂಟು, ಮಳಿಗೆಯ ಬಾಡಿಗೆ ಎಲ್ಲ ಇದರ ಆಚೆ. ಅತ್ತ ಕಂಪನಿಗೆ ಇಂಥ ಐವತ್ತು ಹೋಟೆಲುಗಳಿದ್ದರೆ ಒಂದು ಒಲೆಯನ್ನೂ ಹಚ್ಚದೆ ತಿಂಗಳಿಗೆ 18 ಲಕ್ಷ. ಐವತ್ತೊಂದನೆಯದು ತೆರೆಯಲು ಅದರ ಬಂಡವಾಳ ಬೇಕಿಲ್ಲ, ಯಾರದೋ ಅಪ್ಪನ ನೆಲ್ಲಿನ ದುಡ್ಡು ಬರುತ್ತದೆ. ಬೆಳೆಯುವ ಗುಟ್ಟು ಇಷ್ಟೇ, ಇದರಲ್ಲಿ ಮೋಸವೇನೂ ಇಲ್ಲ. ಹೆಬ್ಬಾಗಿಲಿನ ಅರಸನೂ ಇದನ್ನೇ ಮಾಡಿದ.

ಮೂರನೆಯದು ಜಾಹೀರಾತಿನ ವಂತಿಗೆ. ಬೆಂಗಳೂರಿನ ಮೆಟ್ರೋದಲ್ಲಿ ಅಂಟಿಸಿದ ಚಿತ್ರಕ್ಕೆ ಹೊಸಪೇಟೆಯವನು ಏಕೆ ಕೊಡಬೇಕೆಂದು ಅವನು ಕೇಳಿದ, ನನಗೂ ಹೇಳಲಾಗಲಿಲ್ಲ. ನಾಲ್ಕನೆಯದು ಸರಕು: ಸಾಂಬಾರ್ ಪುಡಿ, ಕಾಫಿ ಪುಡಿ, ಕೆಂಪು ಚಟ್ನಿಯ ಮಸಾಲೆ ಕಂಪನಿಯಿಂದಲೇ ಕೊಳ್ಳಬೇಕು, ಅವರು ಹೇಳಿದ ಬೆಲೆಗೆ. ಇದೇ ಬಾಗಿಲಲ್ಲಿ ಚೆನ್ನಾಗಿ ಬೆಳೆದವರೂ ಉಂಟು. ಮೂಲ್ಕಿಯ ರಘುನಂದನ ಕಾಮತ್ 1984ರಲ್ಲಿ ಮುಂಬಯಿಯ ಜುಹುವಿನಲ್ಲಿ ಶುರುಮಾಡಿದ ನ್ಯಾಚುರಲ್ಸ್ ಐಸ್‌ಕ್ರೀಮನ್ನು ಕಂಪನಿಯೇ ತಯಾರಿಸಿ ಫ್ರಾಂಚೈಸಿ ಅಂಗಡಿಗಳಿಗೆ ಕಳಿಸುತ್ತದೆ; ಅಲ್ಲಿ ರುಚಿಯ ಹೊಣೆ ತಯಾರಿಸಿದವನದು, ಮಾರುವವನು ಬಡಿಸಿದರಾಯಿತು. ದೋಸೆ ಹಾಗಲ್ಲ. ಹಿಟ್ಟು ಹುಳಿಯುವುದು ಹೊಸಪೇಟೆಯ ಬಿಸಿಲಿನಲ್ಲಿ, ಬೆಂಗಳೂರಿನ ತಂಪಿನಲ್ಲಲ್ಲ. ಏಪ್ರಿಲ್ಲಿನಲ್ಲಿ ನಾಲ್ಕು ತಾಸಿಗೆ ಉಕ್ಕಿ ಪಾತ್ರೆಯಿಂದ ಇಳಿಯುವ ಹಿಟ್ಟಿಗೆ ಕರಾರಿನ ಇಪ್ಪತ್ತಮೂರನೇ ಪುಟ ಎಂಟು ತಾಸು ಬರೆದಿದೆ.

ಐದನೆಯ ಬಾಗಿಲು ಇವನ ಕರಾರಿನಲ್ಲಿ ಅರ್ಧ ತೆರೆದಿದೆ: ಮುಂದೆ ಬೇಕಾದರೆ ಮಳಿಗೆಯನ್ನು ಕಂಪನಿಯೇ ಬಾಡಿಗೆಗೆ ಹಿಡಿದು ಇವನಿಗೆ ಮರುಬಾಡಿಗೆ ಕೊಡಬಹುದಂತೆ. ಇದನ್ನು ಓದಿದಾಗ ಮೆಕ್‌ಡೊನಾಲ್ಡ್ಸ್ ನೆನಪಾಗದೆ ಇರದು. ರೇ ಕ್ರಾಕ್ 1954ರಲ್ಲಿ ಮೆಕ್‌ಡೊನಾಲ್ಡ್ ಸೋದರರಿಂದ ಹಕ್ಕು ಪಡೆದಾಗ ಹೊಸ ಹೋಟೆಲಿನವನಿಂದ ಒಂದು ಸಲಕ್ಕೆ 950 ಡಾಲರ್, ಆಮೇಲೆ ವ್ಯಾಪಾರದಲ್ಲಿ ಶೇಕಡ 1.9 ಮಾತ್ರ ತೆಗೆದುಕೊಳ್ಳಬಹುದಿತ್ತು, ಆ 1.9ರಲ್ಲೂ 0.5 ಸೋದರರ ಪಾಲು. ನಮ್ಮ ಮಾತಿನಲ್ಲಿ ಹೇಳುವುದಾದರೆ ಕ್ರಾಕ್ ಒಳಗುತ್ತಿಗೆ ಕೊಡುತ್ತಿದ್ದ ಗುತ್ತೇದಾರ, ಉಳಿತಾಯ ಎಲೆ ಮೇಲಿನ ಉಪ್ಪಿನಷ್ಟು. ಹ್ಯಾರಿ ಸಾನೆಬಾರ್ನ್ ಎಂಬ ಅವನ ಲೆಕ್ಕದ ಜಾಣ ಹೇಳಿಕೊಟ್ಟದ್ದು ಬೇರೆ: ಜಾಗ ನೀನು ಹಿಡಿ, ಮೇಲೆ ಲಾಭವಿಟ್ಟು ಹೋಟೆಲಿನವನಿಗೆ ಮರುಬಾಡಿಗೆ ಕೊಡು. ಅಲ್ಲಿಂದ ಕಂಪನಿ ಹ್ಯಾಂಬರ್ಗರಿಗಿಂತ ಹೆಚ್ಚಾಗಿ ನೆಲದಿಂದ ಬದುಕಿತು. 1961ರಲ್ಲಿ ಕ್ರಾಕ್ 27 ಲಕ್ಷ ಡಾಲರ್ ಕೊಟ್ಟು ಸೋದರರನ್ನೂ ಹೊರಗೆ ಕಳಿಸಿದ. ಇಂದು ಆ ಕಂಪನಿಯ ಹೆಸರಿನ ಹೋಟೆಲುಗಳಲ್ಲಿ ನೂರಕ್ಕೆ ಸುಮಾರು 95 ಬೇರೆಯವರವು. ನಮ್ಮ ದಕ್ಷಿಣ ಭಾರತದಲ್ಲಿ ಅದನ್ನು ನಡೆಸುವ ವೆಸ್ಟ್‌ಲೈಫ್, ಡಾಮಿನೋಸ್ ನಡೆಸುವ ಜುಬಿಲಂಟ್ ಇವೆಲ್ಲ ಸೀಮೆಗೆ ಸೀಮೆಯನ್ನೇ ಗುತ್ತಿಗೆ ಹಿಡಿದ ಕಂಪನಿಗಳು.

ಸೀಮೆಗೆ ಸೀಮೆ ಎಂದೊಡನೆ ವಿಜಯನಗರದ ನಾಯಕರು ಎದ್ದು ನಿಲ್ಲುತ್ತಾರೆ. ಅಚ್ಯುತರಾಯನ ಮಂತ್ರಿಯಾಗಿದ್ದ ಸಾಳ್ವ ನಾಯಕನಿಗೆ 11 ಲಕ್ಷ ಚಿನ್ನದ ಪರ್ದಾವಿನ ಆದಾಯವಿತ್ತು, ಮೂರನೇ ಒಂದು ಪಾಲು ಅರಸನಿಗೆ, ಉಳಿದೆರಡು ಪಾಲಿನಲ್ಲಿ 30,000 ಕಾಲಾಳು, 3,000 ಕುದುರೆ, 30 ಆನೆ ಸಾಕಬೇಕು ಎನ್ನುತ್ತಾನೆ ನೂನಿಜ್. ಇದು ದಂಡು ಸಾಕಲೆಂದು ಸೀಮೆ ಕೊಡುವ ಅಮರನಾಯಕತನ, ನೇರ ಗುತ್ತಿಗೆಯಲ್ಲ ಎಂದು ಚರಿತ್ರೆ ಬಲ್ಲವರು ತಕರಾರು ತೆಗೆಯುತ್ತಾರೆ, ಸರಿಯೇ. ನನಗೆ ಬೇಕಾದದ್ದು ಅದರ ಆಕಾರ: ಪಾಲು ಮೇಲಕ್ಕೆ, ಖರ್ಚು ಕೆಳಗೇ, ಆನೆ ಎಷ್ಟಿರಬೇಕೆಂದು ಹೇಳುವವನು ಮೇಲಿನವನು. ಅಕ್ಕನ ಮಗನ ಕರಾರು ಆನೆಯ ಬದಲು ಆರು ಬರ್ನರಿನ ಒಲೆ, ಇಂಥ ಕಂಪನಿಯ ಗ್ರೈಂಡರು, ಇಂಥ ಬಣ್ಣದ ಅಂಗಿ ಎನ್ನುತ್ತದೆ.

ಇಲ್ಲಿ ಊಟ ಮತ್ತು ಆಳ್ವಿಕೆ ಒಂದೇ ಎಲೆಯಲ್ಲಿ ಬರುವುದನ್ನು ನಾವು ಗಮನಿಸದೆ ಹೋಗಬಾರದು. ಅರಸ ಭೂಮಿ ಬಿಟ್ಟುಕೊಟ್ಟರೆ ಅದು ಉಂಬಳಿ. ಉಣ್ ಧಾತು ಅದರಲ್ಲಿ ಕಣ್ಣಿಗೆ ಹೊಡೆದಂತಿದೆ, ಉಂಬವನು ಅದರ ಒಡೆಯ. ಮನೆಯನ್ನೋ ಹೊಲವನ್ನೋ ದುಡ್ಡು ಕೊಟ್ಟು ವರ್ಷಗಟ್ಟಲೆ ಅನುಭವಿಸುವುದು ಭೋಗ್ಯ, ಎಲೆ ಹಾಕಿ ಉಣ್ಣುವುದು ಭೋಜನ, ಎರಡೂ ಭುಜ್ ಧಾತುವಿನ ಮಕ್ಕಳು. "ಮನಿ ಭೋಗ್ಯಕ್ಕ ಹಾಕೀನಿ" ಎನ್ನುವ ಸಂಡೂರಿನ ಮನುಷ್ಯ ತಾನು ಅದನ್ನು ಉಣ್ಣಲು ಕೊಟ್ಟಿದ್ದೇನೆ ಎನ್ನುತ್ತಿದ್ದಾನೆಂದು ಅವನಿಗೆ ತಿಳಿದಿರದು. ಊಟವೂ ಹಕ್ಕೂ ನಿಜವಾಗಿ ಕೂಡಿದ ಕಡೆ ತಿರುಪತಿ: ವಿಜಯನಗರದ ಕಾಲದಲ್ಲಿ ಅಲ್ಲಿ ನೈವೇದ್ಯಕ್ಕೆ ದತ್ತಿ ಬಿಟ್ಟವರಿಗೆ ಪ್ರಸಾದದ ನಾಲ್ಕನೇ ಒಂದು ಪಾಲು ಸಲ್ಲುತ್ತಿತ್ತು, ಆ ಪಾಲನ್ನು ಅವರು ಪ್ರಸಾದ ಮಾರುವವರಿಗೆ ಬಿಟ್ಟುಕೊಡುತ್ತಿದ್ದರು, ಯಾತ್ರಿಕರು ಅವರಿಂದ ಕೊಂಡು ತಿನ್ನುತ್ತಿದ್ದರು. ಅಡುಗೆ ಒಬ್ಬರದು, ಹೆಸರು ದೇವರದು, ಮಾರಾಟ ಇನ್ನೊಬ್ಬರದು.

ಕುತ್ತಿಗೆಗೆ ಬಂದ ಕತೆ ಈಗ. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಕಂಪನಿಗೆ, ಅಂದರೆ ಈಸ್ಟ್ ಇಂಡಿಯಾ ಕಂಪನಿಗೆ, ಬಿಟ್ಟುಕೊಟ್ಟ. ಮೊದಲ ಕಲೆಕ್ಟರ್ ಥಾಮಸ್ ಮನ್ರೋ ರೈತರಿಂದ ನೇರ ಕಂದಾಯ ಹಿಡಿಯುವ ರೈತವಾರಿ ಪದ್ಧತಿ ತಂದ. 1807ರಲ್ಲಿ ಅವನು ರಜೆಯ ಮೇಲೆ ವಿಲಾಯಿತಿಗೆ ಹೋದದ್ದೇ ತಡ, ಮದರಾಸಿನ ರೆವೆನ್ಯೂ ಬೋರ್ಡಿಗೆ ಗಂಪಗುತ್ತದ ಆಸೆ ಹುಟ್ಟಿತು. ಊರಿಗೆ ಊರನ್ನೇ ಗುತ್ತಿಗೆ ಕೊಟ್ಟರು, ಮೊದಲು ಮೂರು ವರ್ಷಕ್ಕೆ, ಆಮೇಲೆ ಹತ್ತು ವರ್ಷಕ್ಕೆ. ಬೋರ್ಡಿಗೆ ಲೆಕ್ಕ ಸಲೀಸು, ಹಿಡಿದವರಿಗೆ ಕೇಡುಗಾಲ. ಪೈಪೋಟಿಯಲ್ಲಿ ಮೇಲೆ ಕೂಗಿದ ಮೊತ್ತ ಕಟ್ಟಲಾಗದೆ ಗುತ್ತಿಗೆದಾರರು ಹಾಳಾದರು, ಅವರ ಕೈಕೆಳಗಿನ ಒಕ್ಕಲು ಅದಕ್ಕಿಂತ ಮುಂಚೆಯೇ ಹಾಳಾಗಿತ್ತು. ಕೊನೆಗೆ ರೈತವಾರಿಗೇ ಮರಳಬೇಕಾಯಿತು. ಫ್ರಾಂಚೈಸಿ ಕಂಪನಿಗಳಲ್ಲೂ ಕೆಲವು ಹೋಟೆಲಿಗಿಂತ ಹೆಚ್ಚಾಗಿ ಪ್ರವೇಶದ ದುಡ್ಡಿನ ಮೇಲೇ ಬೆಳೆಯಲು ಹೋಗುತ್ತವೆ. ದೋಸೆ ಮಾರುವುದನ್ನು ಬಿಟ್ಟು ಬೋರ್ಡು ಮಾರತೊಡಗಿದಾಗ ಅದು ಬೋರ್ಡಿನವರ ಗ್ರಾಮಗುತ್ತಿಗೆಯೇ. ಅಮೆರಿಕದಲ್ಲಿ 1979ರಿಂದ ಒಂದು ನಿಯಮವಿದೆ, ಹಣ ಇಸಿದುಕೊಳ್ಳುವ ಮುಂಚೆ ಕಂಪನಿ ತನ್ನ ಒಳಗುಟ್ಟನ್ನು ಕಾಗದದಲ್ಲಿ ಬಿಚ್ಚಿಡಬೇಕು. ನಮ್ಮಲ್ಲಿ ಫ್ರಾಂಚೈಸಿಗೆಂದೇ ಕಾನೂನಿಲ್ಲ. 1872ರ ಕರಾರು ಕಾಯಿದೆ, 1999ರ ಟ್ರೇಡ್‌ಮಾರ್ಕ್ ಕಾಯಿದೆ, ಇವೇ ಕಂಬಗಳು.

ನಿಜಾಮನ ಕಡೆಯ ಸೀಮೆಯಲ್ಲಿ ಪದಕ್ಕೆ ಫಾರಸಿಯ ದಾರ್ ಹತ್ತಿ ಗುತ್ತೇದಾರ ಆಯಿತು. ಕಲಬುರಗಿ ಕಡೆ ಅದು ಮನೆತನದ ಹೆಸರೇ ಆಗಿಬಿಟ್ಟಿದೆ, ಶೇಂದಿ ಸಾರಾಯಿಯ ಗುತ್ತಿಗೆ ಹಿಡಿದ ಹಿರಿಯರ ಗುರುತು ಮೊಮ್ಮಕ್ಕಳ ಮಾರ್ಕ್ಸ್ ಕಾರ್ಡಿನಲ್ಲಿ. ಇಜಾರೆ, ಕಂತ್ರಾಟು, ಟೆಂಡರು ಒಂದರ ಹಿಂದೊಂದು ಬಂದು ಇದರ ಜಾಗಕ್ಕೆ ಕೈಹಾಕಿದವು, ಇಜಾರೆ ಸೋತು ಹೋಯಿತು, ಗುತ್ತಿಗೆ ಗಟ್ಟಿ. ಜಲಾಶಯದ ಮೀನು ಗುತ್ತಿಗೆ, ಸಂಡೂರಿನ ಗಣಿ ಗುತ್ತಿಗೆ. ಅದಿರಿನ ವಿಷಯದಲ್ಲಿ ರಾಯಲ್ಟಿಗೆ ನಮ್ಮ ಸರಕಾರಿ ಕನ್ನಡ ರಾಜಧನ ಎಂದಿತು; ಕಬ್ಬಿಣದ ಅದಿರಿಗೆ 2014ರಿಂದ ಅದು ಬೆಲೆಯ ಶೇಕಡ 15. ಗುತ್ತಿಗೆ ತನ್ನ ಹೆಸರಲ್ಲಿಟ್ಟುಕೊಂಡು, ಅಗೆಯುವುದನ್ನು ಇನ್ನೊಬ್ಬನಿಗೆ ಟನ್ನಿಗಿಷ್ಟು ಎಂದು ವಹಿಸುವ ರೈಸಿಂಗ್ ಕಾಂಟ್ರ್ಯಾಕ್ಟ್ ಎಂಬ ಮಾತನ್ನು 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಗಣಿ ನಿಲ್ಲಿಸುವವರೆಗೆ ನಮ್ಮೂರಿನ ಲಾರಿ ಕ್ಲೀನರ್ ಹುಡುಗರೂ ನೀರು ಕುಡಿದಂತೆ ಆಡುತ್ತಿದ್ದರು. ಹೋಟೆಲಿನ ರಾಯಲ್ಟಿಗೆ ಯಾರೂ ರಾಜಧನ ಅನ್ನುವುದಿಲ್ಲ. ದೋಸೆಗೆ ರಾಜನಿಲ್ಲ ಎಂದಿರಬೇಕು.

ನಿಜಕ್ಕೂ ಇಲ್ಲವೇ? ಉಡುಪಿ ಎಂಬ ಹೆಸರನ್ನು ನೋಡಿ. ಶ್ರೀಕೃಷ್ಣ ಭವನ, ಉಡುಪಿ ಹೋಟೆಲ್, ಉಡುಪಿ ಉಪಾಹಾರ ಎಂಬ ಬೋರ್ಡುಗಳು ದೇಶದ ಊರೂರಲ್ಲಿವೆ, ಒಂದೇ ಬಗೆಯ ಸಾಂಬಾರು, ಒಂದೇ ಬಗೆಯ ಶುಚಿಯ ನಿರೀಕ್ಷೆ. ಯಾರಿಂದ ಯಾರಿಗೂ ನಯಾಪೈಸೆ ರಾಯಲ್ಟಿಯಿಲ್ಲ. ನಮ್ಮ ಕಡೆ ಬಸವೇಶ್ವರ ಖಾನಾವಳಿ, ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ದಾವಣಗೆರೆ ಬೆಣ್ಣೆ ದೋಸೆ ದಾವಣಗೆರೆಯನ್ನೇ ಕಾಣದವನ ಗಾಡಿಯ ಮೇಲೂ ಬೆಣ್ಣೆ ಕರಗಿಸುತ್ತದೆ. ಹೆಸರು ಊರಿನದು, ಶರಣನದು, ದೇವರದು, ಎಲ್ಲರದು. ಒಡೆಯನ ಹೆಸರಾದಾಗ ಮಾತ್ರ ಅದಕ್ಕೆ ಬೇಲಿ. ಬೆಂಗಳೂರಿನ ಎಂಟಿಆರ್ 1924ರ ಹೋಟೆಲು. 2007ರಲ್ಲಿ ಅದರ ಪೊಟ್ಟಣದ ತಿಂಡಿಯ ಕಂಪನಿ ನಾರ್ವೆಯ ಆರ್ಕ್ಲಾ ಪಾಲಾಯಿತು, ಹೋಟೆಲು ಮಯ್ಯರ ಮನೆತನದಲ್ಲೇ ಉಳಿಯಿತು. ಒಂದೇ ಮೂರಕ್ಷರ ಎರಡು ಒಕ್ಕಲಾದವು. ಇನ್ನು "ನಮಗೆ ಬೇರೆಲ್ಲೂ ಶಾಖೆಗಳಿಲ್ಲ" ಎಂದು ಹೆಮ್ಮೆಯಿಂದ ಬರೆಸಿಕೊಂಡ ಹಳೆಯ ಹೋಟೆಲಿನ ಬೋರ್ಡನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಹಸಿಯುತ್ತದೆ.

ಗುತ್ತಿಗೆಗೆ ಇನ್ನೆರಡು ಮುಖಗಳಿವೆ, ಒಂದಕ್ಕೊಂದು ಬೆನ್ನು ಹಾಕಿವೆ. "ಒಳ್ಳೆಯತನವೇನು ನಿನ್ನೊಬ್ಬನ ಗುತ್ತಿಗಿ ಏನು?" ಎಂದು ಬೈಯುವಾಗ ಮಲಯಾಳದ ಏಕಸ್ವಾಮ್ಯ ಕನ್ನಡದಲ್ಲೂ ಇಣುಕುತ್ತದೆ. ಕರಾರಿನಲ್ಲಿ ಇದೇ ಅರ್ಥದ ಒಂದು ಸಾಲಿದೆ, ಎರಡು ಕಿಲೋಮೀಟರ್ ವ್ಯಾಪ್ತಿಯಲ್ಲಿ ಬೇರೆಯವರಿಗೆ ಕೊಡುವುದಿಲ್ಲವೆಂದು. ಬೈಪಾಸು ಅದರ ಆಚೆ ಬೀಳುತ್ತದೆ, ಹಂಪಿಗೆ ಹೋಗುವ ಕಾರುಗಳೆಲ್ಲ ಅಲ್ಲೇ ತಿರುಗುವವು. ಇನ್ನೊಂದು ಮುಖ ಗುತ್ತಿಗೆ ನೌಕರ, ಹೊರಗುತ್ತಿಗೆ ನೌಕರ. ಗುತ್ತಿಗೆ ಹಿಡಿದವನು ಬಾಗಿಲ ದೊರೆಯಾಗಿದ್ದ, ಗುತ್ತಿಗೆಯಲ್ಲಿ ದುಡಿಯುವವನಿಗೆ ಮುಂದಿನ ತಿಂಗಳ ಖಾತ್ರಿಯಿಲ್ಲ. ಒಂದೇ ಪದ, ಒಬ್ಬನಿಗೆ ಹಕ್ಕು, ಇನ್ನೊಬ್ಬನಿಗೆ ಹಕ್ಕಿಲ್ಲದಿರುವಿಕೆ. 2017ರ ಆಗಸ್ಟಿನಲ್ಲಿ ಬೆಂಗಳೂರಲ್ಲಿ ಶುರುವಾಗಿ ಜಿಲ್ಲೆ, ತಾಲ್ಲೂಕು ಕೇಂದ್ರಗಳಿಗೆ ಹಬ್ಬಿದ ಇಂದಿರಾ ಕ್ಯಾಂಟೀನಿನಲ್ಲಿ ಎರಡೂ ಮುಖ ಒಟ್ಟಿಗೆ ಕಾಣುತ್ತವೆ: ಒಂದೇ ಹೆಸರು, ಒಂದೇ ಬಣ್ಣ, ಒಂದೇ ತಿಂಡಿಪಟ್ಟಿ, 5 ರೂಪಾಯಿಗೆ ತಿಂಡಿ, 10ಕ್ಕೆ ಊಟ, ನಡೆಸುವವರು ಗುತ್ತಿಗೆದಾರರು. ನೋಡಲು ಪಕ್ಕಾ ಫ್ರಾಂಚೈಸಿ, ಹಣದ ಹರಿವು ಮಾತ್ರ ಉಲ್ಟಾ. ಹೆಸರಿನ ಒಡೆಯನೇ ನಡೆಸುವವನಿಗೆ ಪ್ಲೇಟಿಗಿಷ್ಟು ತುಂಬಿಕೊಡುತ್ತಾನೆ.

ಅಕ್ಕನ ಮಗ ಸಹಿ ಹಾಕಿದ. ಹಾಕುವ ಮುಂಚೆ ಬೈಪಾಸನ್ನು ಆ ವ್ಯಾಪ್ತಿಯೊಳಗೆ ಸೇರಿಸಿಕೊಡಿ ಎಂದು ಕೇಳಿದ್ದ, ಅವರು ಒಪ್ಪಲಿಲ್ಲ. ಕಾಫಿ ಪುಡಿ ಮಾತ್ರ ತನಗೆ ಬೇಕಾದ ಕಡೆ ಕೊಳ್ಳಬಹುದೆಂದು ಬಿಟ್ಟುಕೊಟ್ಟರು. ಫ್ರಾಂಚೈಸಿಗೆ ಕನ್ನಡದಲ್ಲಿ ವಿಶೇಷಾಧಿಕಾರ, ಮಾರಾಟ ಹಕ್ಕು ಎಂದೆಲ್ಲ ನಿಘಂಟುಗಳು ಹೆಣಗಿವೆ. ಅವುಗಳಲ್ಲಿ ದುಡ್ಡಿನ ವಾಸನೆಯಿಲ್ಲ. ಹೊಲ ಗುತ್ತಿಗೆ, ಗಣಿ ಗುತ್ತಿಗೆ, ಮೀನು ಗುತ್ತಿಗೆ ಇರುವ ಊರಿನಲ್ಲಿ ಇದು ಹೆಸರುಗುತ್ತಿಗೆ ಎಂಬುದು ನನ್ನ ತೀರ್ಮಾನ, ಭಾವನೂ ಅದಕ್ಕೆ ತಲೆಯಾಡಿಸಿದ್ದಾರೆ, "ಮ್ಯಾಲೊಂದು ಕೋರು ಐತಿ ಅನ್ನೋದು ಮರೀಬ್ಯಾಡ್ರಿ" ಎಂದು ಸೇರಿಸಿ. ನಿಮ್ಮ ಮನೆಯ ಅಟ್ಟದ ಮೇಲೆ, ಹಳೆಯ ಕರಾರುಕಾಗದಗಳ ಗಂಟಿನಲ್ಲಿ, ಗುತ್ತ, ಗುತ್ತಗೆ ಎಂಬ ರೂಪವೇನಾದರೂ ಕಣ್ಣಿಗೆ ಬಿದ್ದರೆ ದಯವಿಟ್ಟು ಇಡೀ ಸಾಲನ್ನೇ ನಕಲು ಮಾಡಿ ಕಳಿಸಿ, ಬರೀ ಪದವನ್ನಲ್ಲ.